ಸೇತುವೆ ಮುಳುಗಿದ್ದು ಮಂಗಳವಾರ

ಸ್ಪಿರಿಟ್ ಬಟ್ಟೆಯ ಸಣ್ಣ ಪೊಟ್ಟಣವನ್ನು ಈರಣ್ಣ ಹಲ್ಲಿನಿಂದ ಹರಿಯಲು ಹೋದಾಗ ನಾನು, "ಹಲ್ಲು ಬ್ಯಾಡ್ರಿ" ಎಂದೆ. ಅವರು ನಾಚಿಕೊಂಡು ಕೈಯಿಂದ ಹರಿದರು. ಪಡಸಾಲೆಯ ತುಂಬ ಆ ವಾಸನೆ ಹರಡಿತು. ತಣ್ಣನೆಯ, ಚುಚ್ಚುವ ವಾಸನೆ. ಏಳು ವರ್ಷ ನಾನು ಪ್ರಯೋಗಾಲಯದಲ್ಲಿ ದಿನವೂ ಸ್ಪಿರಿಟ್ ಮೂಸಿದ್ದೇನೆ, ಒಮ್ಮೆಯೂ ಹೀಗಾಗಿರಲಿಲ್ಲ. ಒಂದು ತೋಳು, ಒಂದು ಮನೆಯೊಳಗಿನ ವಾಸನೆ ಜೊತೆಗೆ ಸೇರಿದಾಗಲೇ ಅದು ನನ್ನ ಅಕ್ಕನ ವಾಸನೆಯಾಯಿತು.

ಈರಣ್ಣ ಹುಕ್ಕೇರಿಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ನಾನು ಸೂಕ್ಷ್ಮಜೀವಿ ವಿಜ್ಞಾನ. ಅವರ ಮನೆ ಬೆಲ್ಲದ ಬಾಗೇವಾಡಿಯಲ್ಲಿದೆ. ಹೆಂಡತಿ ಸುಜಾತಾ ಅವರಿಗೆ ರಕ್ತದ ಕ್ಯಾನ್ಸರ್. ಔಷಧಿ ಹಾಕಲು ಅವರ ಬಲತೋಳಿನಿಂದ ಎದೆಯ ದೊಡ್ಡ ರಕ್ತನಾಳದವರೆಗೆ ತೆಳ್ಳನೆಯ ಕೊಳವೆಯೊಂದನ್ನು ಇಟ್ಟಿದ್ದಾರೆ. ತಿಂಗಳುಗಟ್ಟಲೆ ಅದು ಅಲ್ಲೇ ಇರಬೇಕು. ವಾರಕ್ಕೊಮ್ಮೆ ಅದರೊಳಗೆ ಸಲೈನ್ ನೀರು ಬಿಡಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಕೊಳವೆ ಮುಚ್ಚಿಕೊಳ್ಳುತ್ತದೆ. ಅದನ್ನು ಮುಟ್ಟುವ ಕೈ ತೊಳೆದಿರಬೇಕು, ಇಲ್ಲದಿದ್ದರೆ ಕೈಯ ಮೇಲಿನ ಜೀವಿಗಳು ನೇರ ಎದೆಗೆ ಹೋಗುತ್ತವೆ. ಆಸ್ಪತ್ರೆಯವರು ಈರಣ್ಣನಿಗೆ ಎಲ್ಲವನ್ನೂ ಕಲಿಸಿ ಕಳಿಸಿದ್ದರು. ಆದರೂ ಮೊದಲ ಸಲ ಮಾಡುವಾಗ ಪಕ್ಕದಲ್ಲಿ ಬಲ್ಲವರು ಇರಲಿ ಎಂದು ನನ್ನನ್ನು ಕರೆದಿದ್ದರು. ಅಕ್ಕನ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವುದು ಅವರಿಗೆ ಗೊತ್ತಿತ್ತು.

ಆ ಕಥೆ ಹೀಗಿದೆ. ನನ್ನ ಅಕ್ಕನ ತೋಳಿನಲ್ಲಿ ಇಂಥದೇ ಕೊಳವೆ ಇತ್ತು. ನಾನು ಪ್ರತಿ ಸೋಮವಾರ ಗೋಕಾಕದಿಂದ ಹೋಗಿ ನೀರು ಬಿಟ್ಟು ಬರುತ್ತಿದ್ದೆ. ಘಟಪ್ರಭೆಗೆ ಪ್ರವಾಹ ಬಂದು ಸೇತುವೆ ಮುಳುಗಿತು, ಒಂದು ಸೋಮವಾರ ತಪ್ಪಿತು. ಆಗ ಆ ಮನೆಯಲ್ಲಿದ್ದ ಕುರಿಗಾರನೊಬ್ಬ, ಕುರಿಗೆ ಸೂಜಿ ಚುಚ್ಚುವ ಕೈಯಲ್ಲೇ ಅದನ್ನು ಮುಟ್ಟಿದ. ಕೊಳವೆ ಕಟ್ಟಿತು, ಸೋಂಕು ತಗಲಿತು. ಕೈ ತೊಳೆಯುವುದೆಂದರೆ ಏನೆಂದು ಈಗ ತಿಳಿಯಿತಲ್ಲ ಎಂದು ಹೇಳಿ ನಾನು ಕಪ್ಪುಹಲಗೆಯ ಕಡೆ ತಿರುಗುತ್ತಿದ್ದೆ. ಆ ಕುರಿಗಾರ ನನ್ನ ಅಕ್ಕನ ಗಂಡ ಎಂದು ಯಾವತ್ತೂ ಹೇಳಿರಲಿಲ್ಲ.

ಈರಣ್ಣ ಕೊಳವೆಯ ಮುಚ್ಚಳವನ್ನು ಸ್ಪಿರಿಟ್ ಬಟ್ಟೆಯಿಂದ ಉಜ್ಜುತ್ತಿದ್ದಾಗ ನಾನು ಆ ಕಥೆಯನ್ನು ಸುಜಾತಾ ಅವರಿಗೂ ಹೇಳಿದೆ, ಎಚ್ಚರಿಕೆಗೆಂದು. ಅವರು ತಲೆಗೆ ಕಟ್ಟಿಕೊಂಡಿದ್ದ ಸ್ಕಾರ್ಫ್ ಸರಿಮಾಡಿಕೊಂಡು ಕೇಳಿದರು:

"ಸರ್, ಒಂದ್ ಮಾತು ಕೇಳ್ಲೇನ್ರಿ? ಅವರು ಮುಟ್ಟಿ ನೀರು ಬಿಟ್ಟಿದ್ರ ಪೈಪು ಯಾಕ ಕಟ್ಟತೈತಿ? ಯಾರೂ ಮುಟ್ಟದ ಬಿಟ್ಟರ ಅಲ್ಲೇನ್ರಿ ಕಟ್ಟೂದು?"

"ಏ, ಸುಮ್ಮ ಕೂಡಬಾರ್ದಾ? ಸರ್ ಅದನ್ನ ಓದಿ ಬಂದಾರ" ಎಂದರು ಈರಣ್ಣ.

"ಅವರು ಓದ್ಯಾರ್ರಿ. ನಾ ಹಾಕಿಸ್ಕೊಂಡೇನಿ."

ನಾನು ಏನೋ ಉತ್ತರ ಕೊಟ್ಟೆ. ಎರಡೂ ಆಗಬಹುದು, ಸೋಂಕು ತಗಲಿದ ಕೊಳವೆ ಬೇಗ ಕಟ್ಟುತ್ತದೆ, ಕಟ್ಟಿದ ಕೊಳವೆಗೆ ಬೇಗ ಸೋಂಕು ತಗಲುತ್ತದೆ ಎಂಬಂಥದ್ದು. ಅದು ಸುಳ್ಳೇನಲ್ಲ. ಆದರೆ ಹುಕ್ಕೇರಿಗೆ ಮರಳುವ ಬಸ್ಸಿನಲ್ಲಿ ಕೂತಾಗ ನನ್ನ ಏಳು ವರ್ಷದ ಕಥೆಯಲ್ಲಿ ಒಂದು ತೂತು ಬಿದ್ದಿತ್ತು. ಎಲ್ಲವನ್ನೂ ಅನುಮಾನಿಸು ಎಂದು ಹುಡುಗರಿಗೆ ಕಲಿಸುವ ನಾನು ಈ ಒಂದನ್ನು ಯಾಕೆ ಅನುಮಾನಿಸಿರಲಿಲ್ಲ?

ಹಾಗಾಗಿ ಆ ಮಳೆಗಾಲವನ್ನು ಮತ್ತೆ ಬರೆಯುತ್ತಿದ್ದೇನೆ. ಎಲ್ಲೆಲ್ಲಿ ಖಾತ್ರಿಯಿಲ್ಲವೋ ಅಲ್ಲಲ್ಲಿ ಹೇಳುತ್ತೇನೆ.

ನಾವು ಕುರಿ ಕಾಯುವ ಮನೆತನದವರು. ಅಕ್ಕ ಲಗಮವ್ವ ನನಗಿಂತ ಹತ್ತು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿಯ ಹಿಂದೆ ಹೋದಳು. ನಾನು ಧಾರವಾಡದವರೆಗೆ ಓದಿದೆ. ಅವಳನ್ನು ಕೊಟ್ಟದ್ದು ಅರಭಾವಿ ದಾಟಿದ ಮೇಲೆ ಮೂಡಲಗಿ ರಸ್ತೆಯಲ್ಲಿ ಸಿಗುವ ಒಂದು ಹಳ್ಳಿಗೆ. ಗಂಡ ಬಾಳಪ್ಪನಿಗೆ ಮೂರೆಕರೆ ಗೋವಿನಜೋಳ ಮತ್ತು ಒಂದು ಹಿಂಡು ಕುರಿ. ಆ ಭಾಗದಲ್ಲಿ ಬಾಳಪ್ಪನ ಕೈಗೆ ಹೆಸರಿತ್ತು. ಕುರಿಗೆ ಬೇನೆ ಬಂದರೆ ಪಶುವೈದ್ಯರಿಗೆ ಕಾಯದೆ ತಾನೇ ಸೂಜಿ ಹಾಕುತ್ತಿದ್ದ, ಅಕ್ಕಪಕ್ಕದ ಹಳ್ಳಿಯವರೂ ಕರೆದೊಯ್ಯುತ್ತಿದ್ದರು. ಅವನು ಚುಚ್ಚಿದ್ದು ಕುರಿಗೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು ಜನ. ಅದು ಉತ್ಪ್ರೇಕ್ಷೆ. ಆದರೆ ಕುರಿಯ ಕಿವಿಯನ್ನು ಮೆಲ್ಲಗೆ ತಿಕ್ಕುತ್ತ ಅವನು ಸೂಜಿ ಹಾಕುವುದನ್ನು ನಾನೇ ನೋಡಿದ್ದೇನೆ. ಕುರಿ ಮೆಲುಕು ಹಾಕುವುದನ್ನು ನಿಲ್ಲಿಸಿರಲಿಲ್ಲ.

ಅಕ್ಕನಿಗೆ ಸ್ತನದ ಗಡ್ಡೆ ಎಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಹೇಳಿದ್ದು ಬೇಸಿಗೆಯ ಕೊನೆಗೆ. ಎರಡು ಸಲ ಔಷಧಿ ಹಾಕುವುದರೊಳಗೆ ಕೈಯ ನರಗಳು ಸುಟ್ಟು ಗಟ್ಟಿಯಾದವು. ಹೀಗಾಗಿ ತೋಳಿಗೆ ಕೊಳವೆ ಬಂತು. ಇನ್ನೂ ನಾಲ್ಕೂವರೆ ತಿಂಗಳ ಔಷಧಿ ಉಳಿದಿತ್ತು. ಆ ಕೊಳವೆ ಅಷ್ಟು ದಿನ ತಡೆದರೆ ಸಾಕಾಗಿತ್ತು. ಆ ವರ್ಷ ನಮ್ಮೆಲ್ಲರ ಆಸೆ ನಿಂತದ್ದು ಅದರ ಮೇಲೆ.

ಶಕುಂತಲಾ ಎಂಬ ದಾದಿ ಬಾಳಪ್ಪನನ್ನೂ ನನ್ನನ್ನೂ ಜೊತೆಯಾಗಿ ಕೂರಿಸಿ ಕಲಿಸಿದರು. ಒಂದು ರಬ್ಬರಿನ ತೋಳನ್ನು ಮುಂದಿಟ್ಟುಕೊಂಡು ಅವರು ಹೇಳಿದ್ದೆಲ್ಲ ಈಗಲೂ ಬಾಯಿಪಾಠ. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಮುಚ್ಚಳವನ್ನು ಉಜ್ಜಿ, ಆರಲು ಬಿಡಿ, ಊದಬೇಡಿ. ಹತ್ತು ಎಂಎಲ್ ಸಿರಿಂಜನ್ನೇ ಬಳಸಿ, ಸಣ್ಣದು ಬೇಡ, ಸಣ್ಣದರ ಒತ್ತಡ ಹೆಚ್ಚು, ಕೊಳವೆ ಒಡೆದೀತು. ಒಂದೇ ಸಮ ನೂಕಬೇಡಿ, ಸ್ವಲ್ಪ ನೂಕಿ ನಿಲ್ಲಿಸಿ, ಮತ್ತೆ ನೂಕಿ ನಿಲ್ಲಿಸಿ. ಮೇಲಿನ ಪಾರದರ್ಶಕ ಪಟ್ಟಿ ಒದ್ದೆಯಾದರೆ, ಅಂಚು ಎದ್ದರೆ, ಅವತ್ತೇ ಬದಲಿಸಿ. ನೀರು ಹೋಗದಿದ್ದರೆ ಒತ್ತಬೇಡಿ, ಫೋನ್ ಮಾಡಿ. ಚಳಿಜ್ವರ ಬಂದರೆ ಕಾಯಬೇಡಿ, ಹೊರಡಿ.

"ಹಾಲು ಹಿಂಡಿದಂಗ ಅನ್ರಿ" ಎಂದ ಬಾಳಪ್ಪ, ರಬ್ಬರಿನ ತೋಳಿಗೆ ನೀರು ಬಿಡುತ್ತ. "ಎಳಿ, ಬಿಡು. ಎಳಿ, ಬಿಡು."

ಶಕುಂತಲಾ ನಕ್ಕರು. "ನಿಮ್ಮ ಕೈ ಭಾಳ ಚಲೋ ಐತ್ರಿ ಕಾಕಾ. ನೀವ ಮಾಡ್ರಿ ಮನ್ಯಾಗ." ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಅವಸರ ಮಾಡ್ತೀರಿ ಸರ್" ಎಂದರು.

ಅವರು ನಿಜಕ್ಕೂ ಹಾಗೆ ಹೇಳಿದರೇ, ಅಥವಾ ಈಗ ನನ್ನ ಅಪರಾಧಭಾವವೇ ಅವರ ಬಾಯಲ್ಲಿ ಆ ಮಾತನ್ನು ಇಡುತ್ತಿದೆಯೇ, ಖಾತ್ರಿಯಿಲ್ಲ. ಆದರೆ ಅವತ್ತು ಮರಳುವ ದಾರಿಯಲ್ಲಿ ನಾನು ಆಡಿದ ಮಾತು ಮಾತ್ರ ಚೆನ್ನಾಗಿ ನೆನಪಿದೆ. ಸಂಕೇಶ್ವರದ ಬಳಿ ಚಹಾಕ್ಕೆ ನಿಂತಿದ್ದೆವು. "ಮಾಮಾ, ಇದನ್ನ ನಾನ ಮಾಡ್ತೇನಿ. ಪ್ರತಿ ಸೋಮವಾರ ಬರ್ತೇನಿ. ನೀ ಮುಟ್ಟಬ್ಯಾಡ. ಇಡೀ ದಿನ ಕುರಿ ಹಿಕ್ಕಿಯೊಳಗ ಇರೂ ಕೈ ಅದು" ಎಂದೆ. ಬಾಳಪ್ಪ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ಆತಪಾ ಮಾಸ್ತರ. ಓದಿದಾಂವ ನೀ" ಎಂದ. ಅಕ್ಕನಿಗೆ ಅಭಿಮಾನವೋ ಅಭಿಮಾನ. ಚಹಾದಂಗಡಿಯವನಿಗೂ ನನ್ನ ತಮ್ಮ ಹಿಂಗ ಹಿಂಗ ಎಂದು ಹೇಳಿದಳು.

ಮಳೆ ಆ ವರ್ಷ ಬೇಗ ಬಂತು. ಆಗ ನಾನು ಕಲಿಸುತ್ತಿದ್ದ ಗೋಕಾಕದ ಕಾಲೇಜಿನಲ್ಲಿ ಸೋಮವಾರ ಮಧ್ಯಾಹ್ನ ನನಗೆ ತರಗತಿ ಇರುತ್ತಿರಲಿಲ್ಲ. ಗೋಕಾಕದಿಂದ ಬಸ್ಸು ಹಿಡಿದು, ಲೋಳಸೂರ ಸೇತುವೆ ದಾಟಿ, ಅರಭಾವಿಯಲ್ಲಿ ತೋಟಗಾರಿಕೆ ಓದುವ ಹುಡುಗರೆಲ್ಲ ಇಳಿದ ಮೇಲೆ ಖಾಲಿಯಾದ ಬಸ್ಸಿನಲ್ಲಿ ಕಬ್ಬಿನ ನಡುವೆ ಹೋಗುವುದು. ಮನೆಯೊಳಗೆ ಹಸಿ ಉಣ್ಣೆಯ ವಾಸನೆ. ಅಂಗಳದಲ್ಲಿ ಒದ್ದೆ ಕುರಿಗಳು ಒಂದಕ್ಕೊಂದು ಆತು ನಿಂತಿರುತ್ತಿದ್ದವು. ನಾನು ಕೈ ತೊಳೆದು ಸಾಮಾನು ಜೋಡಿಸುವ ಹೊತ್ತಿಗೆ ಬಾಳಪ್ಪನೂ ಹೊರಗಿನ ಬಚ್ಚಲಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಒರೆಸಿಕೊಳ್ಳದೆ, ತೊಟ್ಟಿಕ್ಕುವ ಎರಡೂ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಪ್ರತಿ ಸೋಮವಾರವೂ. ಯಾಕೆ ಎಂದು ನಾನು ಕೇಳಲಿಲ್ಲ. ಮಾಡಲು ಆಸೆ, ನಾನು ಕೊಡುತ್ತಿಲ್ಲ, ಅದಕ್ಕೇ ಈ ನಾಟಕ ಎಂದುಕೊಂಡಿದ್ದೆ.

ಕೆಲಸ ಮುಗಿದೊಡನೆ ಅಕ್ಕ ಗೂಟಕ್ಕೆ ನೇತುಹಾಕಿದ ಕರಿಯ ಉಣ್ಣೆಯ ದಾರವನ್ನು ತೆಗೆದು ಒಂದು ಗಂಟು ಹಾಕುತ್ತಿದ್ದಳು. ಗಬ್ಬದ ಕುರಿಯ ದಿನಗಳನ್ನು ನಮ್ಮ ಮನೆಗಳಲ್ಲಿ ಹಾಗೆಯೇ ಎಣಿಸುತ್ತಿದ್ದರು. ವಾರಕ್ಕೊಂದು ಗಂಟು. ಕುರಿ ಬೇರೆಯವರ ಹಿಂಡಿನ ಜೊತೆ ದೂರ ಮೇಯಲು ಹೋಗಿ ಆ ವಾರ ಕಣ್ಣಿಗೆ ಬೀಳದಿದ್ದರೆ ಗಂಟಿನ ಜಾಗದಲ್ಲಿ ಬಿಳಿ ಉಣ್ಣೆಯ ಎಳೆ ಕಟ್ಟುವುದು.

"ಐದು ತಿಂಗಳಿಗೆ ಈಯತೇನಿ ನೋಡು ತಮ್ಮಾ" ಎಂದು ನಗುತ್ತಿದ್ದಳು ಅಕ್ಕ.

"ಏನ್ ಈಯತಿ? ಮರಿ ಗಂಡೋ ಹೆಣ್ಣೋ?" ಎನ್ನುತ್ತಿದ್ದ ಬಾಳಪ್ಪ.

"ಇದ ಪೈಪು. ತಗೊಂಡು ನಿಮ್ಮ ಕೊರಳಿಗೆ ಕಟ್ತೇನಿ, ತಡೀರಿ."

ಹತ್ತು ಗಂಟು ಬಿದ್ದಿದ್ದವು. ಆಮೇಲೆ ಬಂದದ್ದು ಪ್ರವಾಹ.

ಇಲ್ಲಿಂದ ನಾನು ಎರಡು ಕಥೆ ಹೇಳಬೇಕು. ಮೊದಲನೆಯದು, ಏಳು ವರ್ಷ ನನ್ನ ತಲೆಯಲ್ಲಿದ್ದದ್ದು: ಸೋಮವಾರ ಬೆಳಿಗ್ಗೆ ಸೇತುವೆ ಮುಳುಗಿತ್ತು. ನಾನು ಅಕ್ಕನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಫೋನಿನಲ್ಲಿ ಬಾಳಪ್ಪ, "ನಾ ಮಾಡ್ಲೇನು? ಸಿಸ್ಟರ್ ಕಲಿಸ್ಯಾರ, ಸಾಮಾನೆಲ್ಲ ಇಲ್ಲೇ ಐತಿ" ಎಂದ. ನಾನು, "ಬ್ಯಾಡ. ಅದು ಕುರಿ ಅಲ್ಲ" ಎಂದೆ. ಕುರಿ ಅಲ್ಲ ಎಂದದ್ದು ಎರಡೂ ಕಥೆಗಳಲ್ಲಿ ಇದೆ. ನೀರು ಇಳಿದು ಸೇತುವೆ ತೆರೆದ ದಿನವೇ ಓಡಿ ಹೋದೆ. ಬುಧವಾರವಿರಬೇಕು. ಬಾಗಿಲಲ್ಲಿ ಬಾಳಪ್ಪ ಒದ್ದೆ ಕೈ ಹಿಡಿದು ನಿಂತಿದ್ದ. ಅಕ್ಕನ ತೋಳಿನ ಪಟ್ಟಿಯ ಒಂದು ಮೂಲೆ ಎದ್ದು, ಒಳಗೆ ತೇವ ಕಾಣುತ್ತಿತ್ತು.

"ಮಾಳಿಗಿ ಸೋರಾಕತ್ತಿತ್ತೋ. ನಿದ್ದ್ಯಾಗ ಗೊತ್ತಾಗ್ಲಿಲ್ಲ" ಎಂದಳು ಅಕ್ಕ. ತಪ್ಪು ಮಾಡಿದವರಂತೆ.

ಸಿರಿಂಜ್ ಹಚ್ಚಿ ನೂಕಿದೆ. ನೀರು ಹೋಗಲಿಲ್ಲ.

"ಒತ್ತಬ್ಯಾಡ ಅಂದಿದ್ರು" ಎಂದ ಬಾಳಪ್ಪ ಬಾಗಿಲಿನಿಂದ.

"ಗೊತ್ತೈತಿ ನನಗ."

ಮತ್ತೆ ಒತ್ತಿದೆ. ಈ ಸಲ ತುಸು ಬಲವಾಗಿ. ಏನೋ ಸಡಿಲಾದಂತಾಗಿ ನೀರು ಒಳಗೆ ಹೋಯಿತು. ಗೆದ್ದೆ ಎಂದುಕೊಂಡೆ. ಒದ್ದೆ ಪಟ್ಟಿಯ ಮೂಲೆಯನ್ನು ಸಾದಾ ಟೇಪಿನಿಂದ ಅಂಟಿಸಿದೆ. ಹೊಸ ಪಟ್ಟಿ ಡಬ್ಬಿಯಲ್ಲಿ ಇತ್ತೋ ಇಲ್ಲವೋ ನೆನಪಿಲ್ಲ. ಇತ್ತು ಅನಿಸುತ್ತದೆ. ನಾಲ್ಕರ ಬಸ್ಸು ಹಿಡಿಯಬೇಕಿತ್ತು.

ಆ ಬಸ್ಸು ಹಿಡಿಯಲಿಲ್ಲ. ಅರ್ಧ ಗಂಟೆಯೊಳಗೆ ಅಕ್ಕನಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಬಾಳಪ್ಪ ಊರಲ್ಲಿದ್ದ ಒಂದು ಟೆಂಪೋ ತಂದ. ಬೆಳಗಾವಿ ಮುಟ್ಟುವವರೆಗೆ ಅವಳ ತಲೆ ಅವನ ತೊಡೆಯ ಮೇಲಿತ್ತು, ಅವಳ ಎಡಗೈ ಅವನ ಕೈಯಲ್ಲಿತ್ತು.

ಆಸ್ಪತ್ರೆಯಲ್ಲಿ ಕೊಳವೆ ಕಿತ್ತರು. ರಕ್ತದಲ್ಲೂ ಕೊಳವೆಯಲ್ಲೂ ಒಂದೇ ಜೀವಿ ಬೆಳೆಯಿತು. ಚರ್ಮದ ಮೇಲೆ ಸಾಧಾರಣವಾಗಿ ಇರುವ ಜೀವಿ ಅದು. ಅದರ ಹೆಸರನ್ನು ನಾನು ಹುಡುಗರಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಯಾರ ಚರ್ಮ ಎಂದು ಅದು ಹೇಳುವುದಿಲ್ಲ. ಅಕ್ಕನದೇ ಇರಬಹುದು, ನನ್ನದಿರಬಹುದು. ವಾರ್ಡಿನಲ್ಲಿ ಯುವ ವೈದ್ಯರೊಬ್ಬರು ಕೇಳಿದರು, "ಮನೆಯಲ್ಲಿ ಇದನ್ನು ಮುಟ್ಟುತ್ತಿದ್ದವರು ಯಾರು?"

"ನಾನೇ ಮಾಡ್ತಿದ್ದೆ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಾನು ಬರಲಾಗದಾಗ ಇವರು ಮುಟ್ಟಿರಬೇಕು. ಕುರಿಗೆ ಸೂಜಿ ಹಾಕುವವರು ಇವರು" ಎಂದೆ.

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನಿಸಲಿಲ್ಲ. ಬಾಗಿಲಲ್ಲಿ ತೊಟ್ಟಿಕ್ಕುತ್ತಿದ್ದ ಆ ಎರಡು ಕೈಗಳು ಕಣ್ಣ ಮುಂದಿದ್ದವು. ಮುಟ್ಟದವನ ಕೈ ಯಾಕೆ ಒದ್ದೆ? ಸಾಕ್ಷಿ ಸಿಕ್ಕಿತ್ತು ನನಗೆ.

ವೈದ್ಯರು ಬಾಳಪ್ಪನನ್ನು ಎಲ್ಲರ ಮುಂದೆ ಬೈದರು. ಹನ್ನೆರಡು ಮಂಚದ ವಾರ್ಡು. "ಇದೇನು ದನದ ದವಾಖಾನೆಯೇನ್ರಿ? ಹೆಂಡತಿಯನ್ನು ಸಾಯಿಸಬೇಕಂತ ಮಾಡೀರೇನು?" ಬಾಳಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅಕ್ಕ ಜ್ವರದಲ್ಲೇ ತಲೆ ಎತ್ತಿ, "ಅವರು ಮುಟ್ಟಿಲ್ರಿ, ಅವರು ಮುಟ್ಟಿಲ್ಲ" ಎಂದಳು. ಗಂಡನನ್ನು ಉಳಿಸಿಕೊಳ್ಳಲು ಆಡುತ್ತಿದ್ದಾಳೆ ಎಂದು ವೈದ್ಯರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓದಿದವರ ನೋಟ ಅದು.

ಅಕ್ಕ ಉಳಿದಳು. ಔಷಧಿ ಮೂರು ವಾರ ನಿಂತು ಮತ್ತೆ ಶುರುವಾಯಿತು. ಹೊಸ ಕೊಳವೆಗೆ ನೀರು ಬಿಡಲು ವಾರಕ್ಕೊಮ್ಮೆ ಬೆಳಗಾವಿಗೇ ಕರೆದೊಯ್ದರು. ಮರುವರ್ಷದ ಮಳೆಗಾಲಕ್ಕೆ ರೋಗ ಯಕೃತ್ತಿನಲ್ಲಿ ಕಾಣಿಸಿಕೊಂಡಿತು, ದೀಪಾವಳಿಗೆ ಮುಂಚೆ ಹೋದಳು. ಆ ಮೂರು ವಾರ ನಿಂತದ್ದಕ್ಕೇ ಹೋದಳು ಎಂದು ಹೇಳಲು ಬರುವುದಿಲ್ಲ. ಅಲ್ಲ ಎಂದು ಹೇಳಲೂ ಬರುವುದಿಲ್ಲ. ಒಂದರ ನಂತರ ಇನ್ನೊಂದು ಬಂದರೆ ಮೊದಲನೆಯದೇ ಕಾರಣವಲ್ಲ ಎಂದು ನಾನೇ ಪಾಠ ಮಾಡುತ್ತೇನೆ. ಆ ಪಾಠದಿಂದ ನನಗೆ ಒಂದು ದಿನವೂ ಸಮಾಧಾನವಾಗಿಲ್ಲ.

ಆಮೇಲೆ ನಾನು ಗೋಕಾಕ ಬಿಟ್ಟೆ, ಇನ್ನೆರಡು ಕಾಲೇಜು ಬದಲಿಸಿದೆ, ಹುಕ್ಕೇರಿಗೆ ಬಂದೆ. ಬಾಳಪ್ಪನ ಮನೆಗೆ ಹೋಗುವುದನ್ನು ಬಿಟ್ಟೆ.

ಎರಡನೆಯ ಕಥೆ ನನಗೆ ಸಿಕ್ಕಿದ್ದು ಸುಜಾತಾ ಅವರ ಮಾತಿನ ಬೆನ್ನಿಗೆ. ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ಆ ವರ್ಷದ ಫೋಟೋಗಳನ್ನು ತೆಗೆದೆ. ಅಕ್ಕನ ತೋಳಿನ ಚಿತ್ರವೇನಾದರೂ ಇದ್ದೀತು, ದಿನ ತಿಳಿದೀತು ಎಂದು. ಅಲ್ಲಿ ಸಿಕ್ಕದ್ದು ನನ್ನದೇ ಚಿತ್ರ. ಗೋಕಾಕ ಫಾಲ್ಸಿನ ಎದುರು, ಕೆಂಪು ನೀರು ಭೋರ್ಗರೆಯುತ್ತಿದೆ, ನನ್ನ ಕೈಯಲ್ಲಿ ಸುಟ್ಟ ಗೋವಿನಜೋಳದ ತೆನೆ, ಇಬ್ಬರು ಸಹೋದ್ಯೋಗಿಗಳು ನನ್ನ ಹೆಗಲ ಮೇಲೆ ಕೈ ಹಾಕಿದ್ದಾರೆ. ಅದು ಹಿಂದಿನ ವರ್ಷದ ಪ್ರವಾಸ ಎಂದೇ ನಾನು ಅಂದುಕೊಂಡಿದ್ದೆ. ಚಿತ್ರದ ಮೇಲೆ ದಿನಾಂಕವಿತ್ತು, ಅದೇ ಮಳೆಗಾಲ. ಕ್ಯಾಲೆಂಡರ್ ತೆಗೆದು ನೋಡಿದೆ. ಸೋಮವಾರ.

ಫೋನಿಗೂ ತಪ್ಪಾಗಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಬಯಸುತ್ತಿದ್ದೇನೆ ಎನ್ನುವುದೂ ತಿಳಿಯಿತು. ಆ ರವಿವಾರ ಮೂಡಲಗಿ ಬಸ್ಸು ಹತ್ತಿದೆ.

ಬಾಳಪ್ಪ ಅಂಗಳದಲ್ಲಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕುರಿ ಕಾಲು ಮಡಚಿ ಮಲಗಿತ್ತು, ಅವನು ಅದರ ಕಿವಿ ತಿಕ್ಕುತ್ತ ಕೂತಿದ್ದ.

"ಬಾರಪಾ ಮಾಸ್ತರ. ದಾರಿ ತಪ್ಪಿ ಬಂದಿ ಏನು?"

"ಏನಾಗೈತಿ ಅದಕ್ಕ?"

"ಜ್ವರ. ಅರಭಾವಿಯಿಂದ ಒಬ್ಬ ಹುಡುಗ ಬರತಾನ ಸೂಜಿ ಹಾಕಾಕ. ಹಾದಿ ನೋಡಾಕತ್ತೇನಿ."

"ನೀನ ಹಾಕ್ತಿದ್ದೆಲ್ಲ ಮಾಮಾ?"

"ಬಿಟ್ಟೇನಿ." ಕುರಿಯ ಕಿವಿಯಿಂದ ಕೈ ತೆಗೆಯಲಿಲ್ಲ. "ಏಳು ವರ್ಷ ಆತು ಸೂಜಿ ಹಿಡಿದು."

ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಫೋನಿನಲ್ಲಿ ಚಿತ್ರ ತೆಗೆದು ಅವನ ಮುಂದೆ ಹಿಡಿದೆ. "ಮಾಮಾ, ಸೇತುವಿ ಯಾವತ್ತ ಮುಳುಗಿತು?"

ಅವನು ಚಿತ್ರವನ್ನು ದೂರ ಹಿಡಿದು ನೋಡಿದ. ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದ. ಅಕ್ಕನ ಸಾಮಾನು ಇಡುತ್ತಿದ್ದ ಡಬ್ಬಿ. ಒಂದೆರಡು ಒಡೆಯದ ಸಿರಿಂಜು, ಒಂದು ಪಾರದರ್ಶಕ ಪಟ್ಟಿಯ ಪೊಟ್ಟಣ. ಹೊಸದು. ಇತ್ತು, ಹಾಗಾದರೆ. ಕೆಳಗೆ ಕರಿಯ ಉಣ್ಣೆಯ ದಾರ. ಬೆರಳಿನಿಂದ ಒಂದೊಂದೇ ಗಂಟು ದಾಟಿಸುತ್ತ ಬಂದ, ಹತ್ತಕ್ಕೆ ನಿಂತ. ಆಮೇಲೆ ಬಿಳಿ ಎಳೆ. ಆಮೇಲೆ ಇನ್ನೊಂದು ಬಿಳಿ ಎಳೆ. ನನ್ನ ನೆನಪಿನಲ್ಲಿ ತಪ್ಪಿದ್ದು ಒಂದೇ ಸೋಮವಾರ.

"ಮುಳುಗಿದ್ದು ಮಂಗಳವಾರ" ಎಂದ. "ಮುಂದಿನ ವಾರ ಬುಧವಾರ ತೆರೀತು. ನಡುವ ಒಂದು ಸೋಮವಾರ ನೀರು ನುಂಗಿತು. ಅದರ ಹಿಂದಿಂದು ನೀ ನುಂಗಿದಿ."

"ನಿನಗ ಹ್ಯಾಂಗ ಗೊತ್ತು?"

"ನಾ ಅವತ್ತ ಗೋಕಾಕಕ್ಕ ಬಂದಿದ್ದೆ. ನೀ ಫೋನ್ ಮಾಡಿ ಸೇತುವಿಗೆ ನೀರು ಬಂದೈತಿ, ಬಸ್ ಇಲ್ಲ ಅಂದಿ. ನೋಡೂಣು, ಇತ್ಲಾಗಿಂದರ ಯಾವುದರ ಗಾಡಿ ಸಿಕ್ಕರ ನಿನ್ನ ಕರಕೊಂಡ ಬರೂಣು ಅಂತ ಹೊಂಟೆ. ಬಸ್ಸ ಸಿಕ್ತು. ಬಸ್ಸಿನ್ಯಾಗ ಬಂದೆ, ಬಸ್ಸಿನ್ಯಾಗ ಹೋದೆ. ನಿನ್ನ ಖೋಲಿಗೆ ಕೀಲಿ ಇತ್ತು. ಬಾಜೂ ಮನಿಯವರು ಫಾಲ್ಸ್ ನೋಡಾಕ ಹೋಗ್ಯಾರ ಅಂದ್ರು."

ಕುರಿ ಒಮ್ಮೆ ನರಳಿತು. ಅವನು ಅದರ ಹೊಟ್ಟೆಯ ಮೇಲೆ ಕೈಯಿಟ್ಟ.

ಈಗ ಅದು ನೆನಪಾಗುತ್ತಿದೆ ಎಂದು ಹೇಳಲಾರೆ, ಅವನು ಹೇಳಿದ ಮೇಲೆ ಕಟ್ಟಿಕೊಂಡ ನೆನಪೂ ಇರಬಹುದು. ಆದರೆ ನಡೆದದ್ದು ಹೇಗಿದ್ದೀತೆಂದು ತಿಳಿಯುತ್ತದೆ. ಒಂದು ವಾರ ತಡವಾದರೆ ಏನಾಗುತ್ತದೆ, ನಾಳೆ ಹೋದರಾಯಿತು ಎಂದು ಸಣ್ಣ ಸುಳ್ಳು ಹೇಳಿರುತ್ತೇನೆ. ಮರುದಿನ ನದಿ ಬಂದು ನನ್ನ ಸುಳ್ಳನ್ನು ನಿಜ ಮಾಡಿತು. ಒಂದು ದಿನ ಹಿಂದೆ ಸರಿಸಿದರೆ ಸಾಕಿತ್ತು. ಮನಸ್ಸು ಸರಿಸಿತು.

"ಅಕ್ಕಗ ಏನ್ ಹೇಳ್ದಿ?"

"ಖರೇನ ನೀರು ಬಂದೈತಿ ಅಂದೆ. 'ಹಂಗಾದ್ರ ನೀವು ಹ್ಯಾಂಗ ಬಂದ್ರಿ?' ಅಂದ್ಲು." ಅವನ ತುಟಿಯ ಮೇಲೆ ಏನೋ ಸುಳಿಯಿತು, ನಗುವಲ್ಲ. "ನಾಕನೇ ಇಯತ್ತೆ ಕಲಿತಾಕಿ. ಆಕಿ ಮುಂದ ಸುಳ್ಳು ನಡೀತಿದ್ದಿಲ್ಲ."

"ಮತ್ತ ನೀನ ಯಾಕ ಮಾಡ್ಲಿಲ್ಲ ಮಾಮಾ? ಕಲಿತಿದ್ದಿ. ಸಾಮಾನಿತ್ತು."

"ನೀ ಬ್ಯಾಡ ಅಂದಿದ್ದಿ."

"ನಾ ಅಂದ್ರ?"

"ಓದಿದಾಂವ ಅಂದಾನ ಅಂತ ಕೇಳಿದೆ." ಕುರಿಯ ಕಿವಿ ತಿಕ್ಕಿದ. "ಅದ ನನ್ನ ತಪ್ಪು. ಅದೊಂದು ನನ್ನದು."

ಬಾಗಿಲಲ್ಲಿ ಒದ್ದೆ ಕೈ ಹಿಡಿದು ಯಾಕೆ ನಿಲ್ಲುತ್ತಿದ್ದೆ ಎಂದು ಕೇಳಿದೆ. ಏಳು ವರ್ಷ ಕೇಳದೆ ಉಳಿದದ್ದನ್ನು ಕೇಳಿದ ಮೇಲೆ ಬಾಳಪ್ಪ ಮೊದಲ ಸಲ ನನ್ನ ಮುಖ ನೋಡಿದ. "ನೀ ನೀರು ಬಿಡುವಾಗ ಆಕಿಗೆ ಎದ್ಯಾಗ ತಣ್ಣಗ ಆಗಿ ಅಂಜಿಕಿ ಬರತಿತ್ತು. ನನ್ನ ಕೈ ಹಿಡೀತಿದ್ಲು. ಹೊಲಸ ಕೈಲೆ ಹ್ಯಾಂಗ ಹಿಡಕೊಳ್ಲಿ?"

ಹೌದು, ಹಿಡಿದುಕೊಳ್ಳುತ್ತಿದ್ದಳು. ಮಂಚದ ಆ ಬದಿಗೆ ಬಂದು ಅವನು ಕೂರುತ್ತಿದ್ದ. ನನ್ನ ಕಣ್ಣು ಕೊಳವೆಯ ಮೇಲಿರುತ್ತಿತ್ತು.

"ದವಾಖಾನ್ಯಾಗ ಅವರು ಅಷ್ಟ ಬೈದ್ರು. ಯಾಕ ಹೇಳ್ಲಿಲ್ಲ ಮಾಮಾ?"

"ಆಕಿ ಮೊದಲ ಹೇಳಿದ್ಲು. ಫಾಲ್ಸಿನ ಸುದ್ದಿ ಅಂವಗ ಎತ್ತಬ್ಯಾಡ್ರಿ, ನಾಚಿಕಿ ಬಂದು ಬರೂದ ಬಿಟ್ಟಾನು ಅಂತ." ದಾರವನ್ನು ಮಡಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ. "ಬಿಟ್ಟಿ. ಆಕಿ ಹೋದಮ್ಯಾಲೆ."

ನಾನು ಅಲ್ಲೇ, ಅಂಗಳದಲ್ಲಿ, ತಪ್ಪಾಯಿತು ಎಂದು ಶುರುಮಾಡಿದೆ. ಬಾಳಪ್ಪ ಕೈ ಎತ್ತಿ ತಡೆದ.

"ಇಲ್ಲಿ ಹೇಳಬ್ಯಾಡಪಾ. ಇಲ್ಲಿ ಎಲ್ಲಾರಿಗೂ ಗೊತ್ತೈತಿ. ನನಗ ಗೊತ್ತೈತಿ, ಗ್ವಾಡಿಗೆ ಗೊತ್ತೈತಿ. ಎಲ್ಲಿ ಹೇಳಿದ್ದಿ, ಅಲ್ಲಿ ಹೇಳು."

ಸೂಜಿ ಹಾಕುವ ಹುಡುಗ ಮೋಟರ್ ಸೈಕಲ್ ನಿಲ್ಲಿಸಿ ಒಳಗೆ ಬಂದ. ಎರಡು ಸಲ ತಪ್ಪಾಗಿ ಚುಚ್ಚಿದ. ಕುರಿ ಒದರಿತು. ಬಾಳಪ್ಪ ಅದರ ತಲೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದ. ಅವನ ಬಲಗೈಯ ಹೆಬ್ಬೆರಳು ತೋರುಬೆರಳುಗಳು ಕುರಿಯ ಉಣ್ಣೆಯೊಳಗೆ ತಾವಾಗಿಯೇ ನೂಕಿ ನಿಲ್ಲುತ್ತಿದ್ದವು.

ಬೆಳಗಾವಿಯ ಆಸ್ಪತ್ರೆಗೆ ಹೋದೆ. ಆ ವೈದ್ಯರು ಬಿಟ್ಟು ಹೋಗಿದ್ದಾರೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಶಕುಂತಲಾ ನಿವೃತ್ತರಾಗಿದ್ದಾರೆ. ಹನ್ನೆರಡು ಮಂಚದ ವಾರ್ಡು ಹಾಗೇ ಇದೆ, ಮಂಚಗಳ ಮೇಲೆ ಬೇರೆ ಅಕ್ಕಂದಿರು. ಬಾಗಿಲಲ್ಲಿ ಒಂದು ನಿಮಿಷ ನಿಂತೆ. ಯಾರಿಗೆ ಹೇಳುವುದು? ನೋಡಲು ಬಂದವರು ಕೈ ತೊಳೆದು ಒಳಗೆ ಬನ್ನಿ ಎಂದು ಒಬ್ಬ ದಾದಿ ಗದರಿದಳು. ತೊಳೆದೆ, ಮರಳಿದೆ.

ಉಳಿದದ್ದು ತರಗತಿ. ಕಳೆದ ವಾರ ಅದೇ ಪಾಠ ಬಂತು. ಅಂತಿಮ ವರ್ಷದವರಿಗೆ ಪುನರಾವರ್ತನೆ, ಕಥೆಯನ್ನು ಹೋದ ವರ್ಷ ಕೇಳಿದ್ದವರೇ. ಕುರಿಗಾರನ ಹೆಸರು ಹೇಳಿದೆ. ಅವನು ನನಗೇನಾಗಬೇಕು ಎಂದು ಹೇಳಿದೆ. ಅವನು ಮುಟ್ಟಲಿಲ್ಲ, ಮುಟ್ಟಿದ್ದರೆ ಕೊಳವೆ ಉಳಿಯುತ್ತಿತ್ತೇನೋ ಎಂದೆ. ಯಾರ ಕೈಯಿಂದ ಸೋಂಕು ಬಂತೆಂದು ಹೇಳಲಾಗದು, ಆದರೆ ಹದಿನಾರು ದಿನ ನೀರು ಕಾಣದ ಕೊಳವೆಯನ್ನು ಒತ್ತಿದ್ದು ನನ್ನ ಕೈ, ಒದ್ದೆ ಪಟ್ಟಿಯನ್ನು ಬದಲಿಸದೆ ಅಂಟಿಸಿದ್ದು ನನ್ನ ಕೈ ಎಂದೆ. ಧ್ವನಿ ಪಾಠದ ಧ್ವನಿಯೇ ಆಗಿತ್ತು. ಬೇರೆ ಧ್ವನಿ ನನಗೆ ಬರಲಿಲ್ಲ.

ಎರಡನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

"ಸರ್, ಹ್ವಾದ ವರ್ಷ ಬ್ಯಾರೆ ಹೇಳಿದ್ರಿ. ಯಾವುದು ಖರೆ?"

ನಾನು ಕಲಿಸಿದ ಪ್ರಶ್ನೆಯೇ ಅದು. ಮಾತನ್ನು ನಂಬಬೇಡಿ, ಪುರಾವೆ ಕೇಳಿ ಎಂದು ಮೂರು ವರ್ಷ ಹೇಳಿದ್ದೆ. ದಾರವನ್ನು ಬಾಳಪ್ಪ ನನಗೆ ಕೊಟ್ಟಿರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ನನ್ನ ಹತ್ತಿರ ಇದ್ದ ಪುರಾವೆ ಒಂದೇ. ಫೋನಿನಲ್ಲಿ ಚಿತ್ರ ತೆಗೆದು ಅವಳಿಗೆ ಕೊಟ್ಟೆ. ದಿನಾಂಕ ಮೇಲಿದೆ ನೋಡಿ ಎಂದೆ.

ಅವಳು ದಿನಾಂಕ ನೋಡಲಿಲ್ಲ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಪಕ್ಕದವಳಿಗೆ ತೋರಿಸಿ, ತಲೆ ಎತ್ತಿದಳು.

"ಇದರಾಗ ನೀವು ಎಷ್ಟ ನಕ್ಕೀರಿ ಸರ್" ಎಂದಳು.